ಕಾಕಾ ಹೇಳಿದ ತಾಸು

ಗೋಕಾಕದ ಆ ಕೋಣೆಯಲ್ಲಿ ರಟ್ಟಿನ ಗಡಿಯಾರವೊಂದಿತ್ತು. ಅದರ ಮುಳ್ಳುಗಳನ್ನು ಬೆರಳಿನಿಂದ ತಿರುಗಿಸಬೇಕು. ಮಾತು ಕಲಿಸುವ ಹುಡುಗಿ ಸಣ್ಣ ಮುಳ್ಳನ್ನು ಎಂಟರ ತುಸು ಆಚೆ ನಿಲ್ಲಿಸಿ, ದೊಡ್ಡ ಮುಳ್ಳನ್ನು ಮೂರರ ಮೇಲೆ ತಂದು, ‘ಎಷ್ಟು ಗಂಟೆ, ಹೇಳಿ ಅಂಕಲ್’ ಎಂದಳು. ನನ್ನ ಕಾಕಾ ಗಡಿಯಾರ ನೋಡಿದ, ಅವಳ ಮುಖ ನೋಡಿದ, ಆಮೇಲೆ ತನ್ನ ಎಡಗೈಯ ವಾಚನ್ನು ನೋಡಿಕೊಂಡ. ಅದರಲ್ಲಿ ಬೇರೆಯೇ ಹೊತ್ತು ಇತ್ತು. ಎರಡರಲ್ಲಿ ಯಾವುದು ಸುಳ್ಳು ಎಂದು ಕೇಳುವಂತೆ ನನ್ನ ಕಡೆಗೆ ತಿರುಗಿದ.

ಆ ಕೋಣೆಯ ಗೋಡೆಗಳು ಹಸಿರಾಗಿದ್ದವೆಂದು ನನ್ನ ನೆನಪು. ತಿಂಗಳುಗಳ ನಂತರ ಹೋದಾಗ ಅವು ಬಿಳಿಯಾಗಿದ್ದವು. ಅವರು ಬಣ್ಣ ಬಳಿಸಿದ್ದರೋ, ನನ್ನ ನೆನಪೇ ಬಳಿದುಕೊಂಡಿತ್ತೋ ಕೇಳಲಿಲ್ಲ. ದಿನಚರಿ ಬರೆಯುವ ರೂಢಿ ನನಗಿದೆ, ಆದರೆ ಅದರ ಮೇಲೂ ಪೂರ್ತಿ ನಂಬಿಕೆಯಿಲ್ಲ. ರಾತ್ರಿ ಕೂತು ಬರೆಯುವಾಗ ಹಗಲು ನಡೆದದ್ದು ಸ್ವಲ್ಪ ಒಪ್ಪವಾಗಿಬಿಡುತ್ತದೆ. ಆದ್ದರಿಂದ ಇಲ್ಲಿ ನನಗೆ ಖಚಿತವಿರುವುದನ್ನು ಖಚಿತವೆಂದೂ ಇಲ್ಲದ್ದನ್ನು ಇಲ್ಲವೆಂದೂ ಹೇಳಲು ಪ್ರಯತ್ನಿಸುತ್ತೇನೆ.

ಕಾಕಾ ನನ್ನ ಅಪ್ಪನ ತಮ್ಮ. ಅಪ್ಪ ತೀರಿದ ಮೇಲೆ ನಾಗನೂರಿನ ಹೊಲವನ್ನೆಲ್ಲ, ನಮ್ಮ ಪಾಲನ್ನೂ ಸೇರಿಸಿ, ಅವನೇ ಮಾಡಿಕೊಂಡು ಬಂದ. ಹಿಂದಿನ ಚಳಿಗಾಲದಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಬಲಗಾಲು ಬೇಗ ಸುಧಾರಿಸಿತು, ಕೋಲು ಹಿಡಿದು ನಡೆದ. ಬಲಗೈ ಅರ್ಧ ಬಂತು. ಮಾತು ಮಾತ್ರ ಬರಲಿಲ್ಲ. ಎದುರಿನವರು ಹೇಳಿದ್ದೆಲ್ಲ ತಿಳಿಯುತ್ತಿತ್ತು. ತಾನು ಹೇಳಬೇಕಾದದ್ದೂ ಒಳಗೆ ಸಿದ್ಧವಿತ್ತು ಎಂದು ಅವನ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಬಾಯಿಗೆ ಬರುವಷ್ಟರಲ್ಲಿ ಎಲ್ಲವೂ ‘ಅದ... ಅದ...’ ಆಗಿಬಿಡುತ್ತಿತ್ತು.

ಬೈಗುಳ ಮಾತ್ರ ಉಳಿದಿತ್ತು. ಅದೂ ಒಂದೇ: ‘ಮಂಗ್ಯಾನ ಮಗನ.’ ಇದು ತೊದಲಿಲ್ಲದೆ, ಮೊದಲಿನ ಗತ್ತಿನಲ್ಲೇ ಹೊರಡುತ್ತಿತ್ತು. ಮೊದಲ ಸಲ ಅದನ್ನು ಕೇಳಿಸಿಕೊಂಡವನು ನಮ್ಮ ಪಕ್ಕದ ಹೊಲದವನು. ಕುರಿ ಸಾಕುವ ಮನೆತನ ಅವನದು, ಈಗ ಕುರಿ ಕಡಿಮೆ, ಹೊಲವೇ ಹೆಚ್ಚು. ನಾನು ಅವನನ್ನು ಮಾವ ಎಂದೇ ಕರೆಯುವುದು. ಕಾಕಾನಿಗೂ ಅವನಿಗೂ ಚಿಕ್ಕಂದಿನಿಂದ ಮಾತಿಗೆ ಮಾತು ಕೊಡುವುದೇ ಸ್ನೇಹ. ಅವತ್ತು ನೋಡಲು ಬಂದವನು ಬೈಸಿಕೊಂಡು, ಕಣ್ಣು ಒರೆಸಿಕೊಂಡು, ಕಾಕಾನ ಹೆಂಡತಿ, ನಮ್ಮ ಕಾಕುವಿಗೆ ಹೇಳಿದ:

‘ನೋಡ್ವಾ ತಂಗಿ, ದೇವ್ರು ಎಲ್ಲಾ ಕಸಗೊಂಡಾನ, ಬೈಗಳ ಒಂದ ಬಿಟ್ಟಾನ. ಅದೂ ನನ್ನ ಸಲುವಾಗಿನ ಬಿಟ್ಟಾನ.’

ಕಾಕು ನಗಲಿಲ್ಲ. ಅವಳಿಗೆ ಬೇರೆ ಚಿಂತೆ ಹತ್ತಿತ್ತು. ಅದು ತಿಳಿಯಬೇಕಾದರೆ ನಮ್ಮ ಹೊಲಕ್ಕೆ ನೀರು ಹೇಗೆ ಬರುತ್ತದೆ ಎಂಬುದನ್ನು ಹೇಳಬೇಕು.

ಕಾಲುವೆಯಿಂದ ಒಂದು ಸಣ್ಣ ಕವಲು ನಮ್ಮ ಕಡೆಗೆ ಇಳಿಯುತ್ತದೆ. ಅದರ ಮೇಲೆ ನಾಲ್ಕು ಹೊಲಗಳಿವೆ. ಮೇಲಿನದು ನಮ್ಮದು, ಎರಡನೆಯದು ಮಾವನದು, ಕೆಳಗೆ ಇನ್ನೆರಡು. ಕಾಲುವೆಗೆ ನೀರು ಬಿಟ್ಟಾಗ ಪಾಳಿಯ ಪ್ರಕಾರ ಒಬ್ಬರಾದ ಮೇಲೆ ಒಬ್ಬರು ಹಾಯಿಸಿಕೊಳ್ಳಬೇಕು. ಎಷ್ಟು ತಾಸು ಯಾರಿಗೆ ಎಂಬುದು ಅಜ್ಜಂದಿರ ಕಾಲದಲ್ಲೇ ನಿಗದಿಯಾಗಿದೆ. ಆದರೆ ಪಾಳಿ ಮುಗಿಯುವುದು ಗಡಿಯಾರದಿಂದಲ್ಲ. ನೀರು ಕೊಡುವವನು ತೆಗೆದುಕೊಳ್ಳುವವನ ಬದುವಿನವರೆಗೆ ನಡೆದು ಹೋಗಿ, ಹೊತ್ತು ಎಷ್ಟಾಯಿತೆಂದು ಬಾಯಿಬಿಟ್ಟು ಹೇಳಿ, ‘ನೀರ ನಿಂದು’ ಎನ್ನಬೇಕು. ಹಾಗೆ ಹೇಳುವವರೆಗೆ, ಕೈಯಲ್ಲಿ ಮೊಬೈಲ್ ಇದ್ದರೂ, ಹೊತ್ತು ಮೀರಿ ಹೋಗಿದ್ದರೂ, ಯಾರೂ ಒಡ್ಡಿಗೆ ಸಲಿಕೆ ಹಾಕುವುದಿಲ್ಲ. ಕೇಳುವುದೂ ಇಲ್ಲ. ಚಿಕ್ಕವಳಿದ್ದಾಗ ಕಾಕಾನನ್ನು ಇದೇಕೆ ಹೀಗೆ ಎಂದು ಕೇಳಿದ್ದೆ. ಅವನು ಹೇಳಿದ್ದು ಹೀಗೆಂದು ನೆನಪು: ‘ನಾಕ ಮಂದಿ ಗಡಿಯಾರ ನಾಕ ಥರಾ ಓಡ್ತಾವು. ತಗೊಳ್ಳಾಂವ ಟಾಯಮ್ ಹೇಳಿದ್ರ ಜಗಳ ಆಕ್ಕೈತಿ. ಕೊಡಾಂವ ಹೇಳಿದ್ರ ಜಗಳ ಎಲ್ಲಿ ಐತಿ?’ ಪದಗಳು ಹೀಗೇ ಇದ್ದವೋ ಇಲ್ಲವೋ, ಅರ್ಥ ಇದೇ.

ಇನ್ನೊಂದು ಕಟ್ಟುಪಾಡು ಇದೆ. ಹೊತ್ತು ಹೇಳುವ ಬಾಯಿ ಆ ವರ್ಷ ಹೊಲ ಮಾಡುವವನದೇ ಆಗಿರಬೇಕು. ಯಾರ ಬಾಯಿಯೋ ಅವರದೇ ಹೊಲ.

ಆದ್ದರಿಂದ ಬೇಸಿಗೆ ಮುಗಿಯುವ ಮುಂಚೆ ಅಡುಗೆಮನೆಯಲ್ಲಿ ಕೂತು ಕಾಕು ನನ್ನ ಅವ್ವನ ಮುಂದೆ ಮಾತು ತೆಗೆದಳು.

‘ಅಕ್ಕಾ, ಸಲಿಕಿ ನಾ ಹಿಡೀತೇನಿ. ಮಡಿ ನಾ ಕಟ್ತೇನಿ. ಖರೆ, ನೀರ ಹೇಳೂದು ಯಾರು?’

‘ನೀನ ಹೇಳವಾ. ಹೆಣ್ಮಕ್ಕಳು ಹೇಳಬಾರ್ದಂತ ಏನ್ ಐತಿ?’ ಎಂದಳು ಅವ್ವ.

‘ಹೇಳಾಕ ಬರ್ತೈತಿ. ಆದ್ರ ನಾ ಹೇಳಿದ ದಿನಾ ನಿಮ್ಮ ಮೈದುನ ಹೊಲದಾಂವ ಅಲ್ಲ ಅಂತ ನಾನ ಊರಿಗೆಲ್ಲ ಸಾರಿದಂಗ ಆಕ್ಕೈತಿ. ಅದು ನನ್ನ ಬಾಯಿಂದ ಬ್ಯಾಡ. ಅದಕ್ಕಿಂತ ಹೊಲಾ ಪಾಲಿಗೆ ಕೊಟ್ಟಬಿಡೂಣು. ಯಾರರ ಬಂದು ಮಾಡ್ಲಿ.’

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಕಾಕಾ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಕೋಲಿನಿಂದ ನೆಲಕ್ಕೆ ಒಮ್ಮೆ ಕುಟ್ಟಿದ. ಆಮೇಲೆ ಒಪ್ಪಂದ ಇಷ್ಟಕ್ಕೆ ನಿಂತಿತು: ಈ ಸಲ ನೀರು ಬಿಟ್ಟಾಗ ಮೊದಲ ಪಾಳಿಯಲ್ಲಿ ಕಾಕಾ ತಾನೇ ಹೇಳಬೇಕು. ಆಗದಿದ್ದರೆ ಪಾಲಿಗೆ.

ನಾನು ಹುಕ್ಕೇರಿಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಭಾಷಾಶಾಸ್ತ್ರ ಓದಿದವಳು ಎಂಬ ಕಾರಣಕ್ಕೆ ಮನೆಯವರೆಲ್ಲ ಇದು ನನ್ನ ಕೆಲಸ ಎಂದು ತಿಳಿದರು. ನಾನೂ ತಿಳಿದೆ. ರಜೆಯ ದಿನಗಳಲ್ಲಿ ನಾಗನೂರಿಗೆ ಹೋಗಿ, ಕಾಕಾನನ್ನು ಗೋಕಾಕಕ್ಕೆ ಕರೆದುಕೊಂಡು ಹೋಗಿ ಆ ರಟ್ಟಿನ ಗಡಿಯಾರದ ಮುಂದೆ ಕೂಡಿಸುತ್ತಿದ್ದೆ. ಮಾತು ಕಲಿಸುವ ಹುಡುಗಿ ಮೈಸೂರು ಕಡೆಯವಳು, ಬಹಳ ತಾಳ್ಮೆಯವಳು. ‘ಎಂಟೂ ಕಾಲು’ ಎಂದು ನಿಧಾನವಾಗಿ ತುಟಿ ತೋರಿಸಿ ಹೇಳುತ್ತಿದ್ದಳು. ನಮ್ಮ ಕಡೆ ಯಾರೂ ಹಾಗೆ ಹೇಳುವುದಿಲ್ಲ ಎಂದು ನಾನು ಅವಳಿಗೆ ತಿಳಿಸಿದೆ. ಎಂಟೂ ಕಾಲು ನಮಗೆ ಸವ್ವಾ ಎಂಟು, ಎಂಟೂವರೆ ಸಾಡೇ ಎಂಟು, ಎಂಟೂ ಮುಕ್ಕಾಲು ಪಾವಣೆ ಒಂಬತ್ತು. ಮರಾಠಿಯಿಂದ ಬಂದು ನಮ್ಮಲ್ಲೇ ಮನೆ ಮಾಡಿಕೊಂಡ ಲೆಕ್ಕ. ಅವಳು ಬೇಸರಿಸಲಿಲ್ಲ, ‘ಅಯ್ಯೋ, ಮೊದಲೇ ಹೇಳಬಾರದಿತ್ತಾ’ ಎಂದು ಅಲ್ಲೇ ಕಲಿತು, ಸವ್ವಾ ಸಾಡೇ ಎನ್ನತೊಡಗಿದಳು. ಅವಳ ಬಾಯಲ್ಲಿ ಅವು ಕೇಳಿ ಕಾಕಾ ನಕ್ಕ. ಆದರೆ ಮಾತು ಬರಲಿಲ್ಲ.

ಆ ವಾರಗಳಲ್ಲೇ ಒಂದು ದಿನ ಹುಕ್ಕೇರಿಯ ನನ್ನ ಕೋಣೆಯಲ್ಲಿ ಮೊಬೈಲ್‌ನಲ್ಲಿ ಏನೋ ಹುಡುಕುವಾಗ ಒಂದು ಪಾಠದ ವಿಡಿಯೊ ಸಿಕ್ಕಿತು. ಅಮೆರಿಕ ಮತ್ತು ಕೆನಡಾದ ದೊಡ್ಡ ಸರೋವರಗಳ ಸುತ್ತ ಅನಿಶಿನಾಬೆ ಎಂಬ ಮೂಲನಿವಾಸಿ ಜನರಿದ್ದಾರೆ. ಅವರ ಅಜ್ಜ ಅಜ್ಜಿಯರಿಗೆ ಶಾಲೆಗಳಲ್ಲಿ ತಮ್ಮ ಭಾಷೆ ಆಡಗೊಡಲಿಲ್ಲವಂತೆ, ಹಾಗಾಗಿ ಈಗಿನವರು ದೊಡ್ಡವರಾದ ಮೇಲೆ ಅದನ್ನು ಕಲಿಯುತ್ತಿದ್ದಾರೆ. ಆ ದಿನದ ಪಾಠ, ಹೊತ್ತು ಹೇಳುವುದು. ಕಲಿಸುವವಳು ನರೆಗೂದಲಿನ ಹೆಂಗಸು. ಕಲಿಯುವವರಲ್ಲಿ ಕಾಕಾನ ವಯಸ್ಸಿನವನೊಬ್ಬ, ಟೊಪ್ಪಿಗೆ ಹಾಕಿಕೊಂಡವನು. ಗಡಿಯಾರಕ್ಕೆ ಅವರ ಭಾಷೆಯಲ್ಲಿರುವ ಪದವನ್ನು ಬಿಡಿಸಿ ನೋಡಿದರೆ ಸೂರ್ಯನನ್ನು ಅಳೆಯುವ ವಸ್ತು ಎಂದಾಗುತ್ತದೆ ಎಂದು ಅವಳು ಹೇಳಿದಳು. ಆಮೇಲೆ ಗಡಿಯಾರವನ್ನು ಪಕ್ಕಕ್ಕಿಟ್ಟು, ಈ ಹೊತ್ತಿಗೆ ನೀನು ಮನೆಯಲ್ಲಿ ಏನು ಮಾಡುತ್ತಿರುತ್ತೀಯ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಆ ಟೊಪ್ಪಿಗೆಯವನು ನಾಯಿಯನ್ನು ಹೊರಗೆ ಬಿಡುವ ಹೊತ್ತನ್ನು ಹೇಳಲು ಹೋಗಿ ತಪ್ಪಿದ, ನಕ್ಕ, ಮತ್ತೆ ಹೇಳಿದ, ಮತ್ತೆ ತಪ್ಪಿದ. ಯಾರೂ ಅವನ ಪರವಾಗಿ ಉತ್ತರ ಹೇಳಲಿಲ್ಲ. ತನ್ನದೇ ಮನೆಯ ಮಾತಿನ ಬಾಗಿಲಲ್ಲಿ ಅಷ್ಟು ದೊಡ್ಡ ಮನುಷ್ಯ ಅಷ್ಟು ತಾಳ್ಮೆಯಿಂದ ನಿಂತದ್ದನ್ನು ನಾನು ಎರಡು ಸಲ ನೋಡಿದೆ.

ಕಾಕಾನ ಕಷ್ಟವೂ ಅವರ ಕಷ್ಟವೂ ಒಂದೇ ಅಲ್ಲ. ಒಬ್ಬನ ಮಾತನ್ನು ರೋಗ ಕಿತ್ತುಕೊಂಡಿತು, ಅವರದನ್ನು ಮನುಷ್ಯರು. ಹೋಲಿಸಿ ಸಮಾಧಾನ ಪಡುವುದು ನನ್ನಂಥವರ ಚಟ, ಅದು ನನಗೆ ಗೊತ್ತು. ಆದರೂ ಆ ಹೆಂಗಸಿನ ಉಪಾಯವನ್ನು ನಾಗನೂರಿಗೆ ಒಯ್ದೆ.

ಬೆಳಗ್ಗೆ ಕಾಕು ಹಾಲಿನ ಕ್ಯಾನು ಕೈಗೆತ್ತಿಕೊಂಡಾಗ, ‘ಕಾಕಾ, ಹಾಲ ಹಾಕಾಕ ಎಷ್ಟಕ್ಕ?’ ಎಂದೆ. ಗಡಿಯಾರ ತೋರಿಸಲಿಲ್ಲ. ಕಾಕಾ ಕ್ಯಾನನ್ನು ನೋಡಿದ. ‘ಅದ...’ ಎಂದ. ನಾನು ಬಾಯಿ ತೆರೆದೆ. ಕಾಕು ನನ್ನ ತೋಳು ಹಿಡಿದು ತಡೆದಳು. ಮೂರು ದಿನ ಹೀಗೇ ಆಯಿತು. ನಾಲ್ಕನೆಯದೋ ಐದನೆಯದೋ ದಿನ, ನಾನಿಲ್ಲದಾಗ, ಕಾಕು ಕ್ಯಾನು ಎತ್ತಿದ ಕೂಡಲೇ ಅವನು ತಾನಾಗಿಯೇ ‘ಸಾಡೇ ಆರು’ ಎಂದನಂತೆ. ಕಾಕು ಅದನ್ನು ಫೋನಿನಲ್ಲಿ ಹೇಳಿದಳು. ‘ಒದರಿದ್ರವಾ, ಒದರಿದ್ರು! ಹಾಲ ಚೆಲ್ಲೇ ಬಿಟ್ಟೆ ನಾ.’

ಆಮೇಲೆ ಒಂದೆರಡು ಹೊತ್ತು ಸೇರಿದವು. ಬುತ್ತಿಯ ಹೊತ್ತು ಬಂತು. ಮುಧೋಳ ಕಡೆಯ ಬಸ್ಸಿನ ಹೊತ್ತು ಬಂದು, ಮರುದಿನ ಹೋಯಿತು. ಸಾಡೇ ಆರು ಮಾತ್ರ ಗಟ್ಟಿಯಾಗಿ ಕೂತಿತು. ಎಷ್ಟು ಗಟ್ಟಿಯೆಂದರೆ ಮೂಡಲಗಿ ಬಜಾರದಲ್ಲಿ ಗುಳಿಗೆ ಕೊಳ್ಳುವಾಗ ಅಂಗಡಿಯವನು ‘ಹೆಂಗದೀರಿ ಕಾಕಾ?’ ಎಂದರೂ ಉತ್ತರ ಅದೇ. ಅಂಗಡಿಯವನು ನನ್ನ ಮುಖ ನೋಡಿದ. ‘ಆರಾಮ ಅದಾರಂತ್ರಿ’ ಎಂದೆ.

ಬೇಕಾಗಿದ್ದ ಹೊತ್ತು ಸವ್ವಾ ಹನ್ನೊಂದು. ನಮ್ಮ ಪಾಳಿ ಮುಗಿದು ಮಾವನಿಗೆ ನೀರು ಕೊಡುವುದು ಆಗ. ಆ ಹೊತ್ತಿಗೆ ಅಂಟಿಕೊಂಡ ಬೇರೆ ಕೆಲಸವೇ ಇಲ್ಲ. ಅದಕ್ಕೆ ನಾನು ಒಂದು ಮಧ್ಯಾಹ್ನ ಕಾಕಾನನ್ನು ಒಣಗಿದ ಕವಲಿನ ಪಕ್ಕಕ್ಕೆ ಕರೆದುಕೊಂಡು ಹೋಗಿ, ಮಾವನ ಬದುವಿನ ಕಲ್ಲಿನ ಹತ್ತಿರ ನಿಲ್ಲಿಸಿ, ‘ಈಗ ಹೇಳು. ನಾನ ಮಾವ ಅಂತ ತಿಳಕೊ’ ಎಂದೆ. ಅವನು ಬಾಯಿ ತೆರೆಯಲೇ ಇಲ್ಲ. ‘ಅದ’ ಕೂಡ ಇಲ್ಲ. ನಾನು ಒತ್ತಾಯಿಸಿದ ಹಾಗೆಲ್ಲ ಮುಖ ಕೆಂಪಾಯಿತು. ಕೋಲು ಊರಿಕೊಂಡು ಮನೆಯ ದಾರಿ ಹಿಡಿದ.

ಕಾಕು ನನಗೇ ಬೈದಳು. ‘ಖಾಲಿ ಕಾಲಿವ್ಯಾಗ ನಿಂತು ನೀರ ನಿಂದು ಅಂತ ಹೆಂಗ ಅಂತಾರ? ಇಲ್ಲದ ನೀರ ಕೊಟ್ಟೆ ಅನ್ಬೇಕೇನ? ಹಂತಾ ಮಾತ ಅವ್ರು ಬಾಯಿ ಇದ್ದಾಗೂ ಆಡಿಲ್ಲ.’

ನನಗೆ ಬರಿಯ ತಾಲೀಮು ಎನಿಸಿದ್ದು ಅವನ ಪಾಲಿಗೆ ಸುಳ್ಳು ಹೇಳಿದಂತಿತ್ತು. ಇಷ್ಟು ಕಳೆದುಕೊಂಡ ಮೇಲೂ ಯಾವ ಮಾತನ್ನು ಎಲ್ಲಿ ಆಡಬಾರದು ಎಂಬುದು ಅವನಲ್ಲಿ ಹಾಗೇ ಇತ್ತು. ಅವತ್ತಿನಿಂದ ನಾನು ತಾಲೀಮು ಬಿಟ್ಟೆ.

ನೀರು ಬಿಟ್ಟರು. ಪಾಳಿಯ ದಿನ ನಾನು ರಜೆ ಹಾಕಿ ಬಂದಿದ್ದೆ. ಕಾಕು ಸೀರೆ ಮೇಲೆ ಕಟ್ಟಿ ಬೆಳಗಿನಿಂದಲೇ ಅರಿಶಿಣದ ಮಡಿಗಳಿಗೆ ನೀರು ತಿರುವುತ್ತಿದ್ದಳು. ಕಾಕಾ ಬೇವಿನ ಕೆಳಗೆ ಕೂತು ಆಗಾಗ ವಾಚು ನೋಡುತ್ತಿದ್ದ. ನೋಡಿದ್ದು ತಿಳಿಯುತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ. ಏಕೆಂದರೆ ಸರಿಯಾದ ಹೊತ್ತಿಗೆ, ಯಾರೂ ಹೇಳದೆ, ಎದ್ದು ನಿಂತ. ಬದುವಿನ ಮೇಲೆ ಕೋಲು ಊರುತ್ತ ಮಾವನ ಹೊಲದ ಕಡೆಗೆ ನಡೆದ. ನಾನು ಸ್ವಲ್ಪ ಹಿಂದಿದ್ದೆ.

ಮಾವ ಬದುವಿನ ಕಲ್ಲಿನ ಆಚೆ ಸಲಿಕೆ ನೆಲಕ್ಕೂರಿ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಗೋವಿನಜೋಳದ ಎಲೆಗಳು ಬಾಡಿ ಸುರುಳಿಗಟ್ಟಿದ್ದವು. ಕಾಕಾ ಕಲ್ಲಿನ ಹತ್ತಿರ ನಿಂತ. ತುಟಿ ಅಲ್ಲಾಡಿತು. ‘ಅದ...’ ಎಂದ. ಮತ್ತೆ ‘ಅದ...’

ಮಾವ ತಲೆ ಎತ್ತಲಿಲ್ಲ. ಸಂಚಿಯಿಂದ ಎಲೆ ತೆಗೆದು ತೊಡೆಯ ಮೇಲೆ ಒರೆಸಿ ಸುಣ್ಣ ಹಚ್ಚತೊಡಗಿದ. ನೀರು ಇನ್ನೂ ನಮ್ಮ ಹೊಲಕ್ಕೇ ಹೋಗುತ್ತಿತ್ತು. ಮಡಿಗಳು ತುಂಬಿದ್ದವು. ಹೆಚ್ಚಾದರೆ ಅರಿಶಿಣದ ಗಡ್ಡೆ ಕೊಳೆಯುತ್ತದೆ. ಕಾಕು ಸಲಿಕೆ ಹಿಡಿದು ಒಡ್ಡಿನ ಹತ್ತಿರ ನಿಂತಿದ್ದಳು, ಆದರೆ ಕಡಿಯಲಿಲ್ಲ. ದೂರದಿಂದ ಮಾವನ ಸೊಸೆ ಕೂಗಿದಳು, ‘ಮಾವಾರ, ನೀರ ಯಾಕ ಬರವಲ್ದು?’ ಅವನು ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದ.

ನನಗೆ ತಡೆಯಲಾಗಲಿಲ್ಲ. ‘ಮಾವಾ, ಸವ್ವಾ ಹನ್ನೊಂದಾಗಿ ಹೋತ್ರಿ. ನೀರ ತಗೋರಿ’ ಎಂದುಬಿಟ್ಟೆ.

ಮಾವ ಆಗಲೂ ನನ್ನ ಕಡೆ ನೋಡಲಿಲ್ಲ. ಎಲೆ ಮಡಚುತ್ತ ಹೇಳಿದ: ‘ಯಾರ ಮಾತಾಡಿದ್ರು? ಗಾಳಿ ಬಿಟ್ಟಂಗಾತು.’ ಆಮೇಲೆ, ಮೆತ್ತಗೆ, ‘ಯವ್ವಾ, ಟಾಯಮ್ ನಿನ್ನ ಹುಕ್ಕೇರಿ ಕಾಲೇಜಿನ್ಯಾಗ ಹೇಳು. ಹೊಲದಾಂವ ಇಲ್ಲಿ ನಿಂತಾನ. ಅಂವಾ ಹೇಳ್ತಾನ.’

ಎಷ್ಟು ಹೊತ್ತು ಹೀಗೆ ಕಳೆಯಿತೋ ನನಗೆ ಗೊತ್ತಿಲ್ಲ. ಕೈಯಲ್ಲಿ ಮೊಬೈಲ್ ಇತ್ತು, ನೋಡಲಿಲ್ಲ. ಕಾಕುವನ್ನು ಕೇಳಿದರೆ ಬಹಳ ಹೊತ್ತು ಎನ್ನುತ್ತಾಳೆ. ಮಾವನನ್ನು ಕೇಳಿದರೆ ಒಂದು ಎಲೆ ಅಗಿಯುವಷ್ಟು ಎನ್ನುತ್ತಾನೆ. ನನಗೆ ಚೆನ್ನಾಗಿ ನೆನಪಿರುವುದು ಮಾವನ ಬೆನ್ನು. ನೀರು ಕೈಗೆಟುಕುವಷ್ಟು ಹತ್ತಿರ ಹರಿಯುತ್ತಿದ್ದರೂ, ಬೆಳೆ ಬಾಡುತ್ತಿದ್ದರೂ, ಅವಸರವೇ ಇಲ್ಲದವನ ಹಾಗೆ ಅದು ಬಾಗಿಕೊಂಡಿತ್ತು. ಪಾಪ ಎಂದುಕೊಂಡು ಅವನು ಸುಮ್ಮನೆ ಒಡ್ಡು ಕಡಿದುಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅದನ್ನು ದಯೆ ಎಂದೇ ಕರೆಯುತ್ತಿದ್ದೆವು. ಕಾಕಾನ ಹೊಲ ಆ ದಯೆಯಲ್ಲೇ ಹೋಗಿಬಿಡುತ್ತಿತ್ತು.

ಕೊನೆಗೆ ಮಾವ ಎಲೆ ದವಡೆಗೆ ಸೇರಿಸಿ, ಮುಖ ಎತ್ತಿ, ಹಳೆಯ ದನಿಯಲ್ಲೇ ಕೆಣಕಿದ.

‘ಏನ್ ಸಾಹೇಬ್ರ, ವಾಚ್ ಕಟ್ಟಿ ಬಂದೀರಿ, ಕೀಲಿ ಕೊಟ್ಟಿಲ್ಲೇನ?’

‘ಮಂಗ್ಯಾನ ಮಗನ!’ ಎಂದ ಕಾಕಾ. ಆ ರಭಸದಲ್ಲೇ, ಬೈಗುಳದ ಬಾಲ ಹಿಡಿದುಕೊಂಡು ಬಂದ ಹಾಗೆ, ಮುಂದಿನದೂ ಬಂತು. ‘ಸಾಡೇ ಆರು. ನೀರ... ನಿಂದು.’

ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ತಪ್ಪಾಯಿತು ಎಂದು ಕಾಕಾನಿಗೂ ತಿಳಿಯಿತು. ಅವನ ಎಡಗೈ ಮೇಲೆದ್ದು, ಅದಲ್ಲ ಅದಲ್ಲ ಎನ್ನುವಂತೆ ಅಲ್ಲಾಡಿತು.

ಮಾವ ಎದ್ದು ನಿಂತ. ಮಣ್ಣು ಜಾಡಿಸಿಕೊಂಡ. ‘ಆತು,’ ಎಂದ ಗಂಭೀರವಾಗಿ. ‘ಸಾಡೇ ಆರಕ್ಕ ನೀರ ತಗೊಂಡೇನಿ.’ ನಂತರ ಕಾಕುವಿನ ಕಡೆ ತಿರುಗಿ ಕೂಗಿದ: ‘ತಂಗೀ, ಕಡಿ ಒಡ್ಡ! ಹೊಲದಾಂವ ಹೇಳ್ಯಾನ.’

ಕಾಕು ಸಲಿಕೆ ಹಾಕಿದಳು. ನೀರು ಒಂದು ಕ್ಷಣ ಅಲ್ಲೇ ಸುತ್ತಿ, ತಿರುಗಿ, ಗೋವಿನಜೋಳದ ಕಡೆ ಇಳಿಯಿತು.

ಮಾವ ಸ್ನೇಹಕ್ಕಾಗಿ ಹಾಗೆ ಮಾಡಿದನೆಂದು ನಾನು ತಿಳಿದಿದ್ದೆ. ಮಧ್ಯಾಹ್ನದ ಮೇಲೆ ನಡೆದದ್ದನ್ನು ನೋಡಿ ಆ ತಿಳಿವಳಿಕೆಯನ್ನು ಬದಲಿಸಬೇಕಾಯಿತು. ಮಾವನ ಪಾಳಿ ನಾಲ್ಕು ತಾಸಿನದು. ಅದು ಮುಗಿದಾಗ ಅವನು ಮೂರನೆಯ ಹೊಲದ ಬದುವಿಗೆ ಹೋಗಿ, ಕಾಕಾ ಕೊಟ್ಟ ಹೊತ್ತಿಗೆ ತನ್ನ ತಾಸುಗಳನ್ನು ಕೂಡಿಸಿ, ‘ಸಾಡೇ ಹತ್ತಾತು. ನೀರ ನಿಂದು’ ಎಂದ. ಬಿಸಿಲು ಆಗಲೇ ಪಡುವಣಕ್ಕೆ ವಾಲಿತ್ತು. ಮೂರನೆಯವನು ಆಕಾಶ ನೋಡಲಿಲ್ಲ, ಮೊಬೈಲ್ ನೋಡಲಿಲ್ಲ, ನಗಲೂ ಇಲ್ಲ. ‘ಹೂಂ, ಸಾಡೇ ಹತ್ತು’ ಎಂದು ಸಲಿಕೆ ಎತ್ತಿಕೊಂಡ. ಕೊಡುವವನು ಹೇಳಿದ್ದೇ ಹೊತ್ತು. ಅವತ್ತು ಆ ನಾಲ್ಕು ಹೊಲಗಳ ಮೇಲೆ ಸೂರ್ಯ ಒಂದು ಕಡೆ, ಕಾಕಾನ ಮಾತು ಒಂದು ಕಡೆ ಇದ್ದವು. ಅವರೆಲ್ಲ ಕಾಕಾನ ಮಾತಿನ ಪ್ರಕಾರ ನಡೆದರು.

ಸಂಜೆ ಕಾಕು ಒಲೆಯ ಮುಂದೆ ರೊಟ್ಟಿ ತಟ್ಟುತ್ತ, ಯಾರೂ ಕೇಳದಿದ್ದರೂ, ‘ಪಾಲಿನ ಮಾತ ಇನ್ನ ಬ್ಯಾಡ ಅಕ್ಕಾ’ ಎಂದಳು. ಅವ್ವ ‘ನಾ ಯಾವಾಗ ಎತ್ತಿದ್ನಿ?’ ಎಂದಳು.

ಮುಂದಿನ ವಾರ ಗೋಕಾಕದ ಆ ಕೋಣೆಯಲ್ಲಿ ಹುಡುಗಿ ಆಸೆಯಿಂದ ಕೇಳಿದಳು, ‘ಹೇಳಿದ್ರಾ? ಸರಿಯಾಗಿ ಹೇಳಿದ್ರಾ?’ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿ, ರಟ್ಟಿನ ಗಡಿಯಾರದ ಮುಳ್ಳುಗಳನ್ನು ಸಾಡೇ ಆರಕ್ಕೆ ತಿರುಗಿಸಿ, ಕಾಕಾನ ಮುಂದಿಟ್ಟಳು. ಅವನು ಅದನ್ನು ನೋಡಿ ನಾಚಿಕೊಂಡು ನಕ್ಕ.

ಎರಡನೆಯ ಪಾಳಿಯ ದಿನವೂ ನಾನಿದ್ದೆ. ಈ ಸಲ ಮಾವ ಮುಂಚೆಯೇ ಬಂದು ಬದುವಿನ ಕಲ್ಲಿನ ಮೇಲೆ ಕೂತಿದ್ದ. ಕಾಕಾ ಬೇವಿನ ಕೆಳಗಿನಿಂದ ಕಾಣುತ್ತಿದ್ದಂತೆಯೇ ಅಲ್ಲಿಂದಲೇ ಕೂಗಿದ:

‘ಸಾಹೇಬ್ರ, ಇವತ್ತ ಸಾಡೇ ಆರು ಎಷ್ಟಕ್ಕ ಆಕ್ಕೈತ್ರಿ?’

ಕಾಕು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಾಕಾ ಬೈಯುತ್ತಾನೆಂದು ನಾನು ಕಾದೆ. ಅವನು ಬೈಯಲಿಲ್ಲ. ವಾಚು ನೋಡಿದ. ಅರಿಶಿಣದ ಕೊನೆಯ ಮಡಿಗೆ ನೀರು ಮುಟ್ಟಿದೆಯೇ ಎಂದು ಕತ್ತು ಚಾಚಿ ನೋಡಿದ. ಮುಟ್ಟಿರಲಿಲ್ಲ.

‘ತಡಿ,’ ಎಂದ. ಆ ಮಾತನ್ನು ಲಕ್ವಾ ಹೊಡೆದ ಮೇಲೆ ಅವನ ಬಾಯಿಂದ ನಾವು ಕೇಳಿದ್ದು ಅದೇ ಮೊದಲು. ‘ಇನ್ನಾ... ಆಗಿಲ್ಲ.’

‘ಹೂಂನ್ರಿ’ ಎಂದು ಮಾವ ಸಲಿಕೆ ಪಕ್ಕಕ್ಕಿಟ್ಟು, ಎಲೆಯ ಸಂಚಿ ಬಿಚ್ಚಿದ.